ಆರದ ಗೆರೆ

ಆ ಆಷಾಢದಲ್ಲಿ ನಮ್ಮ ಅಂಗಡಿಗೆ ಒಂದೇ ವಾರದೊಳಗೆ ಒಂಬತ್ತು ಬಂದೂಕುಗಳು ಬಂದವು. ಒಂಬತ್ತೂ ಬ್ಯಾಂಕುಗಳ ಬಾಗಿಲಲ್ಲಿ ಕಾವಲು ನಿಲ್ಲುವವರವು. ಗುಂಡು ಹಾರಿಸಿ ಸವೆದದ್ದು ಅವುಗಳಲ್ಲಿ ಒಂದೂ ಇರಲಿಲ್ಲ, ತುಕ್ಕು ಹಿಡಿಯದೇ ಇದ್ದದ್ದೂ ಒಂದಿರಲಿಲ್ಲ. ಎಡಗೈ ಹಿಡಿಯುವ ಜಾಗದಲ್ಲಿ ವರ್ಷಗಟ್ಟಲೆ ಬೆವರು ಕುಡಿದು, ನಾಲ್ಕು ಬೆರಳು ಮತ್ತು ಒಂದು ಅಂಗೈಯ ಅಚ್ಚು ಕೆಂಪಗೆ ಕೂತುಬಿಟ್ಟಿತ್ತು. ಯಾವ ಬಂದೂಕು ಯಾರದು ಎಂದು ಕೈ ಅಳತೆ ನೋಡಿಯೇ ಹೇಳಬಹುದಿತ್ತು.

ಅವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಬೆಂಗಳೂರಿನ ಏಜೆನ್ಸಿ ಒಂದು ಆಜ್ಞೆ ಹೊರಡಿಸಿತ್ತು. ತಿಂಗಳ ಕೊನೆಗೆ ತಪಾಸಣೆ ಇದೆ, ತುಕ್ಕು ಹಿಡಿದ ಬಂದೂಕು ಬ್ಯಾಂಕಿನ ಮುಂದೆ ಕಾಣಬಾರದು, ಎಲ್ಲವೂ ಒಂದೇ ಥರ ಕಪ್ಪಗಿರಬೇಕು ಎಂದು. ಬಂದೂಕೂ ಲೈಸೆನ್ಸೂ ಕಾವಲಿನವರ ಸ್ವಂತದ್ದೇ. ಸ್ವಂತ ಬಂದೂಕು ಇದ್ದವನಿಗೇ ಆ ಕೆಲಸ, ಬಂದೂಕು ಹೋದರೆ ಕೆಲಸವೂ ಹೋದ ಹಾಗೆ.

ನಮ್ಮದು ರಾಮನಗರದಲ್ಲಿ ಬಂದೂಕು ರಿಪೇರಿಯ ಒಂದು ಹಳೆಯ ಅಂಗಡಿ. ಲೈಸೆನ್ಸು ಯಜಮಾನರ ತಂದೆಯ ಕಾಲದ್ದು. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಬಿಚ್ಚುವುದು, ಜೋಡಿಸುವುದು, ರಿಜಿಸ್ಟರ್ ಬರೆಯುವುದು ಅವರ ಕೆಲಸ. ನಳಿಗೆಗೆ ಲೇಪನ ಹಾಕುವುದು ನನ್ನದು. ನಾನು ಚನ್ನಪಟ್ಟಣದವಳು, ಗೊಂಬೆ ಕಾರ್ಖಾನೆಯಲ್ಲಿ ಏರ್‌ಬ್ರಷ್ ಹಿಡಿದು ಮರದ ಆನೆಗಳ ಕಿವಿಗೆ ನೆರಳು ಹಾಕುತ್ತಿದ್ದವಳು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದೆ. ದಿನಾ ಬೆಳಿಗ್ಗೆ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದೆ. ನಮ್ಮ ಅಮ್ಮಿಗೆ ನಾನು ಮಾಡುವ ಕೆಲಸದ ಬಗ್ಗೆ ಹೇಳಿಕೊಳ್ಳಲು ನಾಚಿಕೆ. ಯಾರಾದರೂ ಕೇಳಿದರೆ "ರಾಮನಗರದಲ್ಲಿ ಪೇಂಟಿಂಗ್" ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ನಾವು ಹಾಕುತ್ತಿದ್ದದ್ದು ಸೆರಾಮಿಕ್ ಲೇಪನ. ಬಣ್ಣ ಬಳಿಯಲು ಅರ್ಧ ಗಂಟೆಯೂ ಬೇಕಿಲ್ಲ, ಅದಕ್ಕೆ ಮುಂಚಿನ ತಯಾರಿಯೇ ಎರಡು ದಿನ ತಿನ್ನುತ್ತದೆ. ಮೊದಲು ನಳಿಗೆಯನ್ನು ಅಸಿಟೋನಿನಲ್ಲಿ ಮುಳುಗಿಸಿಡಬೇಕು. ಆಮೇಲೆ ಓವನ್ನಿನಲ್ಲಿ ತೂಗುಹಾಕಿ ಕಾಯಿಸಬೇಕು. ಎಷ್ಟೇ ತೊಳೆದರೂ ಲೋಹದ ಸಂದಿಯಲ್ಲಿ ಹಳೆಯ ಎಣ್ಣೆ ಅಡಗಿರುತ್ತದೆ, ಬಿಸಿಗೆ ಅದು ಬೆವರಿನ ಹಾಗೆ ಹೊರಗೆ ಬರುತ್ತದೆ. ಒರೆಸಿ ಮತ್ತೆ ಕಾಯಿಸಬೇಕು. ಆಮೇಲೆ ನಳಿಗೆಯ ಎರಡೂ ತುದಿಗೆ ರಬ್ಬರ್ ಬಿರಡೆ ಹಾಕಿ, ಗಾಜಿನ ಪೆಟ್ಟಿಗೆಯೊಳಗಿಟ್ಟು, ಗಾಳಿಯ ಜೊತೆ ಸಣ್ಣ ಮರಳಿನಂಥ ಪುಡಿಯನ್ನು ರಭಸವಾಗಿ ಹೊಡೆಯಬೇಕು. ಇದಕ್ಕೆ ನಾವು ಬ್ಲಾಸ್ಟಿಂಗ್ ಅನ್ನುತ್ತೇವೆ. ತುಕ್ಕು, ಹಳೆಯ ಬಣ್ಣ ಎಲ್ಲ ಹಾರಿಹೋಗಿ ಲೋಹ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಂದೂಕಿನ ನಂಬರು ಮಾತ್ರ ಅಳಿಸಬಾರದು, ಅಳಿಸಿದರೆ ಅದು ಅಪರಾಧ. ಬ್ಲಾಸ್ಟ್ ಆದ ನಳಿಗೆಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಒಂದು ಬೆರಳಚ್ಚು ಬಿದ್ದರೂ ಅಲ್ಲಿ ಲೇಪನ ಕೂರುವುದಿಲ್ಲ.

ಮಳೆಗಾಲ ಈ ಕೆಲಸಕ್ಕೆ ಶತ್ರು. ಮೊದಲ ಮೂರು ನಳಿಗೆಗಳನ್ನು ನಾನು ಹಾಳು ಮಾಡಿದೆ. ಹದಿನೆಂಟು ಪಾಲು ಬಣ್ಣಕ್ಕೆ ಒಂದು ಪಾಲು ಗಟ್ಟಿಕಾರಕ ಅಳೆದು, ಜಾಲರಿಯಲ್ಲಿ ಸೋಸಿ, ಮೂರು ಅಂಗುಲ ದೂರದಿಂದ ಒಂದೇ ವೇಗದಲ್ಲಿ ಕೈ ಓಡಿಸಿದ್ದೆ. ಯಾವ ತಪ್ಪೂ ಕಾಣಲಿಲ್ಲ. ಓವನ್ನಿನಿಂದ ತೆಗೆದಾಗ ಮೈತುಂಬ ಸಾಸಿವೆ ಕಾಳಿನಷ್ಟು ದುಂಡನೆಯ ಕಲೆಗಳು, ಒಂದೊಂದೂ ಮೀನಿನ ಕಣ್ಣಿನ ಹಾಗೆ ನನ್ನನ್ನೇ ನೋಡುತ್ತಿದ್ದವು. ಕಂಪ್ರೆಸರಿನ ತಳದ ತಿರುಪು ಬಿಚ್ಚಿದೆ. ಒಂದು ಲೋಟದಷ್ಟು ಕಂದು ನೀರು ಇಳಿಯಿತು. ಮಳೆಯ ಗಾಳಿಯನ್ನೇ ಅದು ಒಳಗೆ ಎಳೆದುಕೊಂಡು ಬಣ್ಣದ ಜೊತೆ ಉಗುಳುತ್ತಿತ್ತು.

ಮೂರನ್ನೂ ಮತ್ತೆ ಬ್ಲಾಸ್ಟ್ ಮಾಡಿ ಮೊದಲಿನಿಂದ ಶುರುಮಾಡಬೇಕಾಯಿತು. ಗಾಳಿಯ ಪೈಪಿಗೆ ನೀರು ಹೀರುವ ಹರಳಿನ ಡಬ್ಬಿ ಜೋಡಿಸಿದೆ. ಬಣ್ಣ ಹೊಡೆಯುವುದನ್ನು ಮಧ್ಯಾಹ್ನಕ್ಕೆ, ಒಂದಿಷ್ಟು ಬಿಸಿಲು ಕಂಡ ಮೇಲಕ್ಕೆ ಹಾಕಿಕೊಂಡೆ. ಇದರಲ್ಲಿ ನಾಲ್ಕು ದಿನ ಹೋಯಿತು. ಏಜೆನ್ಸಿಯ ಮೇಲ್ವಿಚಾರಕ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಯಜಮಾನರು ಫೋನಿನಲ್ಲಿ "ಆಯ್ತು ಸಾರ್, ಆಯ್ತು ಸಾರ್" ಎನ್ನುವುದು ಬ್ಲಾಸ್ಟಿಂಗ್ ಪೆಟ್ಟಿಗೆಯ ಸದ್ದಿನೊಳಗೂ ಕೇಳಿಸುತ್ತಿತ್ತು. ಅವರು ಯಾರಿಗೂ ಸಾರ್ ಎಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಏಳನೆಯ ಬಂದೂಕು ಮಾಗಡಿ ತಾಲ್ಲೂಕಿನ ಕಲ್ಯದಿಂದ ಬಂದದ್ದು. ಹನ್ನೆರಡು ಬೋರಿನ ಒಂಟಿ ನಳಿಗೆ. ತಂದವನಿಗೆ ಐವತ್ತೇಳು ವರ್ಷ, ಲೈಸೆನ್ಸ್ ಪುಸ್ತಕದಲ್ಲಿ ಇತ್ತು. ಮಾಗಡಿಯ ಒಂದು ಬ್ಯಾಂಕಿನ ಮುಂದೆ ಹದಿನೆಂಟು ವರ್ಷದಿಂದ ನಿಂತವನು. ನೀಲಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಸಿಕೊಂಡು, ಬಂದೂಕನ್ನು ಗೋಣಿತಾಟಿನಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ಕರೆತಂದವನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಯಜಮಾನರು ರಿಜಿಸ್ಟರಿನಲ್ಲಿ ಬರೆದುಕೊಂಡು ಕೈ ಚಾಚಿದರೂ ಕೊಡಲು ಅವನಿಗೆ ಒಂದು ಗಳಿಗೆ ಬೇಕಾಯಿತು.

"ಎಷ್ಟ್ ದಿನ ಆಯ್ತದೆ?" ಎಂದು ನನ್ನನ್ನು ಕೇಳಿದ.

"ಒಂದು ವಾರ."

"ಒಸಿ ಬಿರ್ನೆ ಮಾಡ್ಕೊಡವ್ವ. ಬರಿಗೈಲಿ ನಿಂತ್ಕಂಡ್ರೆ ಜನ ನನ್ನ ಕಾವಲಿನೋನು ಅನ್ನಲ್ಲ. ಚಲನ್ ಬರ್ಕೊಡು ಅಂತಾರೆ."

ಯಾವತ್ತಾದರೂ ಹೊಡೆದಿದ್ದೀರಾ ಎಂದು ಕೇಳಿದೆ. ಅವನು ನಕ್ಕ.

"ಒಂದೇ ಸಲ. ನಮ್ಮಪ್ಪ ಬದುಕಿದ್ದಾಗ. ರಾಗಿ ಹೊಲಕ್ಕೆ ಹಂದಿ ನುಗ್ಗಿದ್ವು, ಬೆದರ್ಸಾಕೆ ಅಂತ ಆಕಾಶಕ್ಕೆ ಹೊಡ್ದೆ. ಹಂದಿ ಒಂದ್ಕಡೆ ಓಡೋದ್ವು, ನಾನೊಂದ್ಕಡೆ ಬಿದ್ದೋದೆ. ನಮ್ಮಪ್ಪ ಆಮ್ಯಾಕೆ ಮುಟ್ಟಾಕೆ ಬುಡ್ಲಿಲ್ಲ. ಅವರು ಸತ್ತ್ ಮ್ಯಾಲೆ ನನ್ನೆಸ್ರಿಗೆ ಬಂತು."

ಆ ವಾರ ಅವನು ಎರಡು ಸಲ ಬಂದ. ಕೆಲಸ ಮುಗಿದಿರುವುದಿಲ್ಲ ಎಂದು ಗೊತ್ತಿದ್ದೇ ಬಂದ. ಬಾಗಿಲ ಹತ್ತಿರ ನಿಂತು, ಒಳಗೆ ತೂಗುತ್ತಿದ್ದ ನಳಿಗೆಗಳನ್ನು ನೋಡಿ, "ಅದ್ರಲ್ಲಿ ನಂದ್ಯಾವ್ದು?" ಎಂದು ಕೇಳಿ, ತೋರಿಸಿದರೆ ತಲೆಯಾಡಿಸಿ ಮಾಗಡಿ ಬಸ್ಸು ಹಿಡಿಯುತ್ತಿದ್ದ.

ಅವನ ನಳಿಗೆಯನ್ನು ಬ್ಲಾಸ್ಟ್ ಮಾಡಿದ ದಿನ ಮಳೆ ಬಿಟ್ಟಿತ್ತು. ಪೆಟ್ಟಿಗೆಯಿಂದ ತೆಗೆದು, ಕೈಗವಸು ಹಾಕಿಕೊಂಡು, ಕೊನೆಯ ಸಲ ಅಸಿಟೋನ್ ಒರೆಸಿದೆ. ಅಸಿಟೋನ್ ಕಣ್ಣೆದುರೇ ಆರುತ್ತದೆ. ಒದ್ದೆಯ ಕಪ್ಪು ಒಂದು ತುದಿಯಿಂದ ಹಿಂದೆ ಸರಿಯುತ್ತ ಬೂದಿ ಬಣ್ಣ ಮೇಲೇಳುತ್ತದೆ. ಅವತ್ತೂ ಹಾಗೇ ಆರಿತು. ಹಿಂಭಾಗದಲ್ಲಿ, ತೋಟಾ ಕೂರುವ ಕೋಣೆಯ ಪಕ್ಕಕ್ಕೆ, ಒಂದು ಕೂದಲೆಳೆಯಷ್ಟು ಗೆರೆ ಮಾತ್ರ ಆರಲಿಲ್ಲ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ನಾನು ನೋಡುತ್ತಾ ನಿಂತೆ. ಅರ್ಧ ನಿಮಿಷದ ಮೇಲೆ ಅದೂ ಆರಿತು, ಏನೂ ಇರಲಿಲ್ಲವೇನೋ ಎನ್ನುವ ಹಾಗೆ. ಮತ್ತೆ ಒರೆಸಿದೆ. ಮತ್ತೆ ಎಲ್ಲ ಆರಿದ ಮೇಲೂ ಅದೊಂದು ಉಳಿಯಿತು.

ಗಟ್ಟಿ ಲೋಹದಲ್ಲಿ ಅಸಿಟೋನ್ ನಿಲ್ಲುವುದಿಲ್ಲ. ನಿಂತಿದೆ ಎಂದರೆ ಇಳಿಯಲು ಅದಕ್ಕೊಂದು ಜಾಗ ಸಿಕ್ಕಿದೆ.

ಯಜಮಾನರನ್ನು ಕರೆದೆ. ಅವರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು, ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದರು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಯ ಮೇಲೆ ಅಡ್ಡವಾಗಿ ಉಗುರು ಓಡಿಸಿದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಅರದ ಗುರುತು ಇದು. ಯಾವನೋ ಹಳಬ ಅರ ಹಾಕಿ ಉಜ್ಜಿದಾನೆ."

"ಅರದ ಗುರುತಾದ್ರೆ ಒದ್ದೆ ನಿಲ್ತದಾ ಯಜಮಾನ್ರೆ?"

ಅವರು ನಳಿಗೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿ ಹೇಳಿದರು: "ಐವತ್ತು ವರ್ಷದಿಂದ ನೋಡ್ತಿದೀನಿ ಅಮ್ಮಾ. ಇಂಥದ್ದಕ್ಕೆಲ್ಲ ವಾಪಸ್ ಕಳಿಸ್ತಾ ಕೂತ್ರೆ ಯಾರ್ ಬಂದೂಕೂ ಉಳಿಯಲ್ಲ. ಅವನು ಹೊಡೆಯೋದೆಲ್ಲೈತೆ? ತೋರ್ಸೋಕೆ ಹಿಡ್ಕೊಂಡಿರೋದು. ಹಾಕು ಬಣ್ಣ."

ಅವರು ಕೆಟ್ಟ ಮನುಷ್ಯರಲ್ಲ. ಲೈಸೆನ್ಸ್ ನವೀಕರಣದ ಸಮಯ ಅದು, ಕೆಲಸವೇ ಇಲ್ಲದ ಅಂಗಡಿ ಎಂದು ಯಾರಾದರೂ ವರದಿ ಬರೆದರೆ ಎಂಬ ಭಯ ಅವರಿಗಿತ್ತು. ನನಗೆ ನನ್ನ ಅಳುಕು. ಮೂರು ನಳಿಗೆ ಹಾಳು ಮಾಡಿ ನಾಲ್ಕು ದಿನ ಕಳೆದವಳು ನಾನು. ನನ್ನದು ಎರಡು ವರ್ಷದ ಅನುಭವ, ಅವರದು ಐವತ್ತು. ಅವರ ಮಾತನ್ನು ನಂಬುವುದು ಸುಲಭವಾಗಿತ್ತು. ನಂಬಿದೆ ಎಂದು ಹೇಳಲಾರೆ, ನಂಬಿದವಳ ಹಾಗೆ ಕೆಲಸ ಮಾಡಿದೆ.

ಈ ಲೇಪನ ತಲೆಗೂದಲಿನ ಅರ್ಧದಷ್ಟೂ ದಪ್ಪವಿರುವುದಿಲ್ಲ. ತುಕ್ಕು ತಿಂದ ಗುಂಡಿಗಳನ್ನು ಅದು ಮುಚ್ಚಲಾರದು, ಗುಂಡಿ ಗುಂಡಿಯಾಗಿಯೇ ಕಾಣುತ್ತದೆ. ಕೂದಲೆಳೆಯ ಗೆರೆಯನ್ನು ಮಾತ್ರ ಪೂರ್ತಿ ಮುಚ್ಚುತ್ತದೆ. ಮೊದಲು ಮೂಲೆಗಳಿಗೆ, ತೂತುಗಳ ಅಂಚಿಗೆ ಹೊಡೆದು, ಆಮೇಲೆ ಉದ್ದಕ್ಕೆ ಬಂದೆ. ಆ ಜಾಗಕ್ಕೆ ಬಂದಾಗ ಕೈ ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಒದ್ದೆ ಬಣ್ಣ ಒಂದು ಕ್ಷಣ ಹೊಳೆದು ಮಂಕಾಯಿತು. ಕಾಲು ಗಂಟೆ ಬಿಟ್ಟು ಓವನ್ನಿಗೆ ಹಾಕಿದೆ. ನೂರಿಪ್ಪತ್ತು ಡಿಗ್ರಿ, ಎರಡು ಗಂಟೆ. ತೆಗೆದಾಗ ಒಂದು ಕಲೆ ಇರಲಿಲ್ಲ. ಅಲ್ಲಿಯವರೆಗಿನ ಏಳರಲ್ಲಿ ಅದೇ ಚೆನ್ನಾಗಿ ಬಂದಿತ್ತು. ಯಜಮಾನರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕೈ ಅಂದ್ರೆ ನಿಂದು" ಎಂದರು. ಬೇರೆ ದಿನವಾಗಿದ್ದರೆ ಆ ಮಾತನ್ನು ಮನೆಗೆ ಹೋಗಿ ಅಮ್ಮಿಗೆ ಹೇಳುತ್ತಿದ್ದೆ.

ಮರುದಿನ ಅವರು ಅದಕ್ಕೆ ಮರದ ಹಿಡಿ, ಸ್ಪ್ರಿಂಗು, ಗುಂಡು ಹಾರಿಸುವ ಕುದುರೆ ಎಲ್ಲ ಜೋಡಿಸಿದರು. ನಾನು ಎಂಟನೆಯದರ ಕೆಲಸದಲ್ಲಿದ್ದೆ. ಆ ಎರಡು ದಿನ ಯಾವ ನಳಿಗೆಗೆ ಅಸಿಟೋನ್ ಒರೆಸಿದರೂ ಅದು ಪೂರ್ತಿ ಆರುವವರೆಗೆ ನಾನು ಕಣ್ಣು ತೆಗೆಯುತ್ತಿರಲಿಲ್ಲ. ಉಳಿದ ಯಾವುದರಲ್ಲೂ ಅಂಥ ಗೆರೆ ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎಲ್ಲದರಲ್ಲೂ ಇರುವುದು ಅರದ ಗುರುತೇ ಇರಬೇಕು ಎಂದುಕೊಳ್ಳುತ್ತಿದ್ದೆ.

ಕಲ್ಯದವನು ಸೋಮವಾರ ಹನ್ನೊಂದು ಗಂಟೆಗೆ ಬಂದ. ಬಂದೂಕನ್ನು ಕೈಗೆ ತೆಗೆದುಕೊಂಡು, ಎಡಗೈಯನ್ನು ಆ ಹಳೆಯ ಜಾಗದಲ್ಲಿ ಇಟ್ಟು, ತೆಗೆದು, ಪ್ಯಾಂಟಿಗೆ ಅಂಗೈ ಒರೆಸಿಕೊಂಡು ಮತ್ತೆ ಇಟ್ಟ.

"ನಮ್ಮಪ್ಪ ತಂದಾಗ್ಲೂ ಹಿಂಗಿರ್ಲಿಲ್ಲ ಕಣವ್ವ" ಎಂದ.

ಯಜಮಾನರು ರಿಜಿಸ್ಟರ್ ತೆರೆದು ಬರೆಯುತ್ತಿದ್ದರು. ಅವನು ಬೆಂಚಿನ ಮೇಲೆ ಕೂತು ಹೇಳತೊಡಗಿದ.

"ಬಣ್ಣ ಹಾಕ್ಸಿದ್ದು ಒಳ್ಳೇದಾಯ್ತು. ಬುಧವಾರ ನಮ್ಮುನ್ನೆಲ್ಲ ಬೆಂಗ್ಳೂರ್ ತಾವ ಕರ್ಕೊಂಡೋಯ್ತಾರಂತೆ. ತಪಾಸಣೆ ಅಂದ್ರೆ ಬರೀ ನೋಡೋದಲ್ವಂತೆ ಈ ಸಲ. ಒಬ್ಬೊಬ್ರು ಮೂರ್ ಮೂರ್ ಗುಂಡು ಹೊಡೀಬೇಕಂತೆ. ನಂಗೆ ಈಗ್ಲೇ ಎದೆ ಡವಡವ ಅಂತೈತೆ, ಬಿದ್ದೋಗ್ಬುಟ್ರೆ ಏನ್ ಗತಿ ಅಂತ."

ಯಜಮಾನರ ಪೆನ್ನು ನಿಂತಿತು. ನಾನು ಅವರ ಮುಖ ನೋಡಿದೆ. ಅವರು ಹೇಳುತ್ತಾರೆ ಎಂದು ಕಾದೆ. ಅವರು ತಲೆ ಎತ್ತಲಿಲ್ಲ. ಪೆನ್ನು ಮತ್ತೆ ಓಡಿತು. ರಿಜಿಸ್ಟರನ್ನು ಅವನ ಕಡೆ ತಿರುಗಿಸಿ, "ಇಲ್ಲಿ ಸೈನ್ ಹಾಕಪ್ಪ" ಎಂದರು.

ತೋಟಾ ಸಿಡಿಯುವಾಗ ಎಡಗೈ ಎಲ್ಲಿರುತ್ತದೆ, ಕೆನ್ನೆ ಎಲ್ಲಿರುತ್ತದೆ ಎಂದು ಈ ಕೆಲಸದಲ್ಲಿ ಇರುವವರಿಗೆ ಹೇಳಿಕೊಡಬೇಕಿಲ್ಲ. ಬುಧವಾರ ಆ ಗೆರೆ ಅವನ ಮುಖದಿಂದ ಒಂದೂವರೆ ಅಡಿ ದೂರದಲ್ಲಿರುತ್ತಿತ್ತು.

"ಯಜಮಾನ್ರೆ, ಇದನ್ನ ಇವತ್ತು ಕೊಡೋದು ಬೇಡ" ಎಂದೆ.

ಅವರು ನನ್ನನ್ನು ನೋಡಿದರು. ಕಾವಲಿನವನು ಪೆನ್ನು ಹಿಡಿದುಕೊಂಡೇ ಇಬ್ಬರನ್ನೂ ನೋಡಿದ.

"ಯಾಕವ್ವ? ಲಕಲಕ ಅಂತೈತಲ್ಲ."

"ನಳಿಗೆಯಲ್ಲಿ ಒಂದು ಗೆರೆ ಇದೆ. ಬಿರುಕು ಇರಬಹುದು. ಗುಂಡು ಹಾಕಿದ್ರೆ ಸಿಡೀಬಹುದು."

"ಎಲ್ಲೈತೆ? ಏನೂ ಕಾಣಾಕಿಲ್ವಲ್ಲ."

"ನಾನು ಬಣ್ಣ ಹಾಕಿದೀನಿ. ಅದಕ್ಕೇ ಕಾಣ್ತಿಲ್ಲ."

ಯಜಮಾನರು ರಿಜಿಸ್ಟರ್ ಮುಚ್ಚಿದರು. "ಅದು ಅರದ ಗುರುತು ಅಂತ ನಾನು ಹೇಳಿದೀನಿ. ಲೈಸೆನ್ಸ್ ಯಾರ ಹೆಸರಲ್ಲೈತೆ ಈ ಅಂಗಡೀದು?" ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು.

"ನಿಮ್ಮ ಹೆಸರಲ್ಲೇ. ಅದಕ್ಕೇ ಕೇಳ್ತಿದೀನಿ. ಸೀಮೆಎಣ್ಣೆ ಹಾಕಿ ನೋಡೋಣ. ಅರದ ಗುರುತಾದ್ರೆ ನಾನೇ ಮತ್ತೆ ಬಣ್ಣ ಹಾಕಿ ನಾಳೆ ಕೊಡ್ತೀನಿ. ಆಮೇಲೆ ನೀವು ಬರಬೇಡ ಅಂದ್ರೆ ಬರಲ್ಲ."

ಕಾವಲಿನವನೇ ಬಂದೂಕನ್ನು ಮೇಜಿನ ಮೇಲೆ ಇಟ್ಟ.

"ತೋರ್ಸು" ಎಂದ.

ಯಜಮಾನರು ಎದ್ದು ಬಂದು, ತಾವೇ ಬಿಚ್ಚಿ, ನಳಿಗೆಯನ್ನು ಬೇರೆ ಮಾಡಿ ನನ್ನ ಕೈಗೆ ಕೊಟ್ಟರು.

ಗಟ್ಟಿಯಾದ ಸೆರಾಮಿಕ್ ಯಾವ ದ್ರಾವಣಕ್ಕೂ ಕರಗುವುದಿಲ್ಲ. ಮತ್ತೆ ಬ್ಲಾಸ್ಟ್ ಮಾಡಿಯೇ ತೆಗೆಯಬೇಕು. ಸುತ್ತ ಟೇಪು ಸುತ್ತಿ, ಮೂರು ಅಂಗುಲದ ಜಾಗ ಬಿಟ್ಟು, ಪೆಟ್ಟಿಗೆಯೊಳಗೆ ಹಿಡಿದೆ. ಅವನು ಗಾಜಿಗೆ ಮುಖ ಹತ್ತಿರ ತಂದು ನೋಡುತ್ತಿದ್ದ. ಕಪ್ಪು ಹಾರಿಹೋಗುತ್ತಾ ಬಂದ ಹಾಗೆ ಅವನು ಒಮ್ಮೆ "ಅಯ್ಯೋ" ಎಂದದ್ದು ಕೇಳಿಸಿತು, ತೀರಾ ಮೆತ್ತಗೆ.

ಆ ಜಾಗಕ್ಕೆ ಸೀಮೆಎಣ್ಣೆ ಸುರಿದು ಕಾಲು ಗಂಟೆ ಬಿಟ್ಟೆವು. ಹಳೆಯ ಗನ್ನು ಕೆಲಸದವರ ಪರೀಕ್ಷೆ ಇದು, ಯಜಮಾನರೇ ನನಗೆ ಬಾಯಿಮಾತಲ್ಲಿ ಹೇಳಿಕೊಟ್ಟದ್ದು. ಸೀಮೆಎಣ್ಣೆ ಎಂಥ ಸಣ್ಣ ಬಿರುಕಿಗೂ ಇಳಿಯುತ್ತದೆ. ಮೇಲಿನದನ್ನು ಪೂರ್ತಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟಿನಲ್ಲಿ ಕಲಸಿ ತೆಳ್ಳಗೆ ಹಚ್ಚಬೇಕು. ಅದು ಆರಿ ಬೆಳ್ಳಗಾಗುತ್ತದೆ. ಬಿರುಕು ಇದ್ದರೆ ಒಳಗಿನ ಸೀಮೆಎಣ್ಣೆ ಮೇಲೆ ಬಂದು ಸುಣ್ಣವನ್ನು ಒದ್ದೆ ಮಾಡುತ್ತದೆ. ಇಲ್ಲದಿದ್ದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ನಾನು ಏರ್‌ಬ್ರಷ್ಷಿನಲ್ಲೇ ಸುಣ್ಣ ಹಾಕಿದೆ. ಮೂವರೂ ಮೇಜಿನ ಸುತ್ತ ನಿಂತೆವು. ಐದು ನಿಮಿಷ ಏನೂ ಆಗಲಿಲ್ಲ. ಆ ಐದು ನಿಮಿಷ ನಾನು ಏನು ಬೇಡಿಕೊಂಡೆ ಎಂದು ಈಗಲೂ ನೆನಪಿದೆ. ಬಿಳಿಯಾಗಿಯೇ ಇರಲಿ ಎಂದೇ ಬೇಡಿಕೊಂಡೆ. ನನ್ನ ಕೆಲಸ ಹೋಗಲಿ, ಅವನ ಕೆಲಸ ಉಳಿಯಲಿ ಎಂದು. ಆಮೇಲೆ ಮಧ್ಯದಲ್ಲಿ ಒಂದು ಚುಕ್ಕೆ ಹುಟ್ಟಿತು, ಅದರ ಪಕ್ಕ ಇನ್ನೊಂದು. ಚುಕ್ಕೆಗಳು ಕೂಡಿಕೊಂಡು ಗೆರೆಯಾದವು. ನಾನು ಮೊದಲ ದಿನ ಕಂಡಿದ್ದಕ್ಕಿಂತ ಉದ್ದವಿತ್ತು.

ಕಾವಲಿನವನು ಅದರ ಮೇಲೆ ಬೆರಳು ಎಳೆದ. ಬೆರಳ ತುದಿಗೆ ಸುಣ್ಣ ಹತ್ತಿತು.

"ಇಷ್ಟೇನಾ?"

"ಇಷ್ಟೇ."

"ಇದು ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅನುಮಾನ ಇತ್ತು."

"ಆದ್ರೂ ಬಳ್ದೆ."

"ಬಳಿದೆ."

ಯಜಮಾನರು ಆಗ ಬಾಯಿಬಿಟ್ಟರು. "ಬಳಿ ಅಂದೋನು ನಾನು. ಅವಳನ್ನ ಕೇಳ್ಬೇಡ."

ಅವನು ಅವರನ್ನು ಕೇಳಲೂ ಇಲ್ಲ, ಬೈಯಲೂ ಇಲ್ಲ. ಬೆಂಚಿನ ಮೇಲೆ ಹೋಗಿ ಕೂತ. ಸಮವಸ್ತ್ರದ ಮೊಣಕಾಲಿನ ಹತ್ತಿರ ಇಸ್ತ್ರಿಯ ಗೆರೆಯನ್ನು ಎರಡು ಬೆರಳಲ್ಲಿ ಹಿಡಿದು ಸರಿಮಾಡುತ್ತಾ, ಬೇರೆ ನಳಿಗೆ ಹಾಕಲು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ, ಬೇರೆ ಬಂದೂಕಿಗೇ ಅರ್ಜಿ ಹಾಕಬೇಕು ಎಂದರು ಯಜಮಾನರು. ಎಷ್ಟು ದಿನ ಎಂದು ಕೇಳಿದ. ಅನುಮತಿ, ಪೊಲೀಸ್ ವರದಿ ಎಲ್ಲ ಸೇರಿ ತಿಂಗಳುಗಟ್ಟಲೆ ಆಗಬಹುದು, ಈ ವಯಸ್ಸಿಗೆ ಕೊಡದೆಯೂ ಇರಬಹುದು ಎಂದರು. ಅವನು ಬುಧವಾರಕ್ಕೆ ಎಷ್ಟು ದಿನ ಎಂದು ಮನಸ್ಸಿನಲ್ಲೇ ಎಣಿಸಿದ ಹಾಗೆ ಕಂಡಿತು.

"ಇದನ್ನ ಠಾಣೆಗೆ ಒಪ್ಸ್‌ಬೇಕಾ?"

"ಬಳಕೆಗೆ ಯೋಗ್ಯವಲ್ಲ ಅಂತ ಬರೆದುಕೊಡ್ತೀನಿ. ಅದನ್ನ ತೋರ್ಸಿ ಒಪ್ಪಿಸು."

ಯಜಮಾನರು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದರು. ಎರಡು ಹಾಳೆ ಹರಿದು ಮೂರನೆಯದರಲ್ಲಿ ಮುಗಿಸಿದರು. ಅಷ್ಟರಲ್ಲಿ ನಾನು ಸುಣ್ಣ ತೊಳೆದು ನಳಿಗೆಯನ್ನು ಜೋಡಿಸಲು ಅವರಿಗೆ ಒಪ್ಪಿಸಿದೆ. ಜೋಡಿಸಿಯಾದ ಮೇಲೆ ಅವನು ಅದನ್ನು ಎತ್ತಿ ನೋಡಿದ. ಅಷ್ಟು ಕಪ್ಪಿನ ನಡುವೆ ಮೂರು ಅಂಗುಲ ಬೆತ್ತಲೆ ಲೋಹ, ಸುಟ್ಟ ಗಾಯ ಮಾಗಿದ ಹಾಗೆ ಬೂದಿ ಬಣ್ಣಕ್ಕಿತ್ತು.

"ಇದುಕ್ಕೊಂದ್ ಒಸಿ ಬಳ್ದುಬುಡವ್ವ. ಬಸ್ಸಲ್ಲಿ ಜನ ನೋಡ್ತಾರೆ. ಊರಲ್ಲೂ ನೋಡ್ತಾರೆ."

ಏರ್‌ಬ್ರಷ್ ಅಲ್ಲೇ ಇತ್ತು, ಬಣ್ಣವೂ ಕಲಸಿಟ್ಟದ್ದೇ ಇತ್ತು. ಓವನ್ನು ಬೇಕಿಲ್ಲ, ಕಣ್ಣಿಗೆ ಕಾಣದ ಹಾಗೆ ಬಳಿದರೆ ಸಾಕು. ಐದು ನಿಮಿಷದ ಕೆಲಸ. ಆ ಐದು ನಿಮಿಷದ ಕೆಲಸವನ್ನು ಅವನಿಗೆ ಮಾಡಿಕೊಡದೆ ಇದ್ದದ್ದು ನನ್ನ ಜೀವನದ ಕಷ್ಟದ ಕೆಲಸಗಳಲ್ಲಿ ಒಂದು.

"ಬೇಡ. ಮುಚ್ಚಿದ್ರೆ ನಾಳೆ ಯಾರಾದ್ರೂ ಗೊತ್ತಿಲ್ದೆ ಹೊಡೀತಾರೆ. ಎಣ್ಣೆ ಹಚ್ಚಿಕೊಡ್ತೀನಿ, ತುಕ್ಕು ಹಿಡಿಯಲ್ಲ."

"ತುಕ್ಕು ಹಿಡಿದ್ರೇನು ಇನ್ಮ್ಯಾಕೆ" ಎಂದ. ಆದರೂ ಎಣ್ಣೆ ಹಚ್ಚುವವರೆಗೆ ನಿಂತ. ಆಮೇಲೆ ತಂದಿದ್ದ ಗೋಣಿತಾಟಿನಲ್ಲಿ ಸುತ್ತಿ, ಆ ಜಾಗದ ಮೇಲೆ ಮಾತ್ರ ಹೆಗಲ ಟವೆಲನ್ನು ಇನ್ನೊಂದು ಸುತ್ತು ಸುತ್ತಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಬತ್ತೀನಿ" ಎಂದ. ಯಾರಿಗೆ ಹೇಳಿದ್ದೋ ಗೊತ್ತಾಗಲಿಲ್ಲ.

ಬುಧವಾರ ಉಳಿದ ಎಂಟು ಜನ ಹೋಗಿ ಗುಂಡು ಹೊಡೆದು ಬಂದರು. ಯಾರಿಗೂ ಏನೂ ಆಗಲಿಲ್ಲ. ಮಾಗಡಿಯ ಬ್ಯಾಂಕಿನ ಮುಂದೆ ಸೋಲೂರಿನ ಕಡೆಯ ಬೇರೊಬ್ಬನನ್ನು ನಿಲ್ಲಿಸಿದರೆಂದು ಆ ವಾರದಲ್ಲೇ ಗೊತ್ತಾಯಿತು. ಮೇಲ್ವಿಚಾರಕ ಯಜಮಾನರಿಗೆ ಫೋನು ಮಾಡಿ, ಬಣ್ಣ ಹಾಕಿ ಅಂತ ಕಳಿಸಿದರೆ ಬಂದೂಕನ್ನೇ ಕೊಂದು ಕಳಿಸಿದ್ದೀರಿ, ಕೊನೆಯ ಗಳಿಗೆಯಲ್ಲಿ ಆಳು ಹುಡುಕಿ ಸಾಕಾಯಿತು ಎಂದು ರೇಗಾಡಿದ. ಮತ್ತೆ ಆ ಏಜೆನ್ಸಿಯಿಂದ ಕೆಲಸ ಬರಲಿಲ್ಲ.

ಯಜಮಾನರು ನನ್ನನ್ನು ಬರಬೇಡ ಎನ್ನಲಿಲ್ಲ. ಆದರೆ ಮೊದಲಿನ ಹಾಗೆ ಮಾತೂ ಇರಲಿಲ್ಲ. ದಸರೆ ಹೊತ್ತಿಗೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದರು. ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂತ ಮೊದಲ ದಿನ ಹೇಗಿದೆ ಎಂದು ಕೇಳಿದೆ. ಎಲ್ಲ ಚೆನ್ನಾಗಿ ಕಾಣುತ್ತದೆ, ಬೆಳಕು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ ಎಂದರು. ಆಮೇಲೆ ನಾನು ಕೇಳದೇ, "ಅವತ್ತೂ ಕಂಡಿತ್ತು ಅಮ್ಮಾ" ಎಂದರು. ಯಾವತ್ತು ಎಂದು ನಾನು ಕೇಳಲಿಲ್ಲ. ನನಗೂ ಅವತ್ತು ಕಂಡಿತ್ತು. ಇಬ್ಬರಿಗೂ ಕಂಡು, ಒಬ್ಬರಿಗೊಬ್ಬರು ಕಾಣದ ಹಾಗೆ ಮಾಡಿಕೊಂಡಿದ್ದೆವು. ಅದನ್ನು ಮಾತಾಡಿ ಹಗುರ ಮಾಡಿಕೊಳ್ಳುವ ಹಕ್ಕು ನಮ್ಮಿಬ್ಬರಿಗೂ ಇದೆ ಎಂದು ನನಗೆ ಅನ್ನಿಸಲಿಲ್ಲ.

ಆಮೇಲಿಂದ ನಾವು ಸೀಮೆಸುಣ್ಣದ ಪರೀಕ್ಷೆ ಮಾಡದೆ ಯಾವ ನಳಿಗೆಗೂ ಬಣ್ಣ ಹಾಕುವುದಿಲ್ಲ. ಈ ಮಾತು ಸುತ್ತ ಹಬ್ಬಿ, ಕನಕಪುರದ ಕಡೆಯವರು, ಮರಳವಾಡಿಯವರು ಅರ್ಧಕ್ಕರ್ಧ ಬರುವುದನ್ನು ಬಿಟ್ಟರು. ಪರೀಕ್ಷೆಗೆ ಹೆದರಿ. ತಮ್ಮ ಬಂದೂಕು ಹಾಳಾಗಿದೆ ಎಂದು ತಿಳಿಯುವುದು ಯಾರಿಗೂ ಬೇಕಿಲ್ಲ. ಬಣ್ಣ ಹಾಕಿಕೊಡುವವರು ಬೇರೆ ಕಡೆ ಸಿಗುತ್ತಾರೆ.

ಅವನನ್ನು ನಾನು ಮತ್ತೆ ಕಂಡದ್ದು ಮುಂದಿನ ಬೇಸಿಗೆಯಲ್ಲಿ. ಗೊಂಬೆ ಕಾರ್ಖಾನೆಯ ಗೆಳತಿಯ ಮಗಳ ಮದುವೆಗೆ ಮಾಗಡಿಗೆ ಹೋಗಿದ್ದೆ. ಕಲ್ಯಾಣ ಮಂಟಪದ ಗೇಟಿನಲ್ಲಿ ಕಾರುಗಳಿಗೆ ಜಾಗ ತೋರಿಸುತ್ತಿದ್ದವನು ಅವನೇ. ಬೇರೆ ಬಣ್ಣದ ಸಮವಸ್ತ್ರ, ಅಳತೆಗೆ ದೊಡ್ಡದು. ಬಾಯಲ್ಲಿ ಸೀಟಿ, ಕೈಯಲ್ಲಿ ಒಂದು ಕೋಲು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋಗಬಹುದಿತ್ತು. ಹೋಗುವಾಗ ಹಾಗೇ ಮಾಡಿದೆ. ಊಟ ಮಾಡಿ ವಾಪಸು ಬರುವಾಗ ಆಗಲಿಲ್ಲ. ಎದುರಿಗೆ ಹೋಗಿ ನಿಂತೆ.

ಗುರುತು ಹಿಡಿದ. ಸೀಟಿಯನ್ನು ಬಾಯಿಂದ ತೆಗೆದು ಅಂಗಿಗೆ ಒರೆಸಿಕೊಂಡ.

"ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಜನ ಎಲ್ಲ ಎದ್ದ್ ಮ್ಯಾಲೆ."

ಬಂದೂಕಿಗೆ ಅರ್ಜಿ ಹಾಕಿದ್ದು ಏನಾಯಿತು ಎಂದು ಕೇಳಿದೆ. ಹಾಕಲಿಲ್ಲ ಎಂದ. ಯಾಕೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಒಂದು ಕಾರು ಬಂತು. ಅವನು ಕೋಲಿನಿಂದ ಜಾಗ ತೋರಿಸಿ, ಅದು ನಿಂತ ಮೇಲೆ ತಿರುಗಿ ಬಂದ.

"ನಿಜ ಹೇಳು. ಅದು ಸಿಡೀತಿತ್ತಾ?"

ನಾನು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಅಂಥ ಬಿರುಕು ಇಟ್ಟುಕೊಂಡು ನೂರು ಗುಂಡು ಹೊಡೆದ ನಳಿಗೆಗಳೂ ಇವೆ, ಮೊದಲನೆಯ ಗುಂಡಿಗೇ ಬಾಯಿಬಿಟ್ಟವೂ ಇವೆ. ಮೂರು ಗುಂಡು ಹೊಡೆದು, ಬೀಳದೆ ನಿಂತು, ಸಂಜೆಗೆ ಅವನು ಕಲ್ಯಕ್ಕೆ ವಾಪಸಾಗುತ್ತಿದ್ದನೇನೋ. ಇನ್ನೂ ಬ್ಯಾಂಕಿನ ಮುಂದೆಯೇ ನಿಂತಿರುತ್ತಿದ್ದನೇನೋ.

"ಗೊತ್ತಿಲ್ಲ" ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಕೋಪವೇನೂ ಕಾಣಲಿಲ್ಲ.

"ನಾನು ಸಿಡೀತಿತ್ತು ಅಂತ್ಲೇ ಇಟ್ಕಂಡಿವ್ನಿ ಕಣವ್ವ" ಎಂದ. "ಹಂಗಂದ್ಕಳ್ದಿದ್ರೆ ಇಲ್ಲಿ ನಿಂತ್ಕಳಾಕಾಯ್ತದಾ?"

ಗೇಟಿನಾಚೆ ಯಾರೋ ಹಾರನ್ ಹೊಡೆದರು. ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡು ಆ ಕಡೆ ಓಡಿದ.